ಹಡಗಲಿಯಲ್ಲಿ ಮಲ್ಲಿಗೆಗೆ ಹೆದರಿದವಳು

ನಾನು ನಿವೃತ್ತಳಾಗಿ ಬಹಳ ವರ್ಷವಾಯಿತು, ನನ್ನ ಮೊಣಕಾಲುಗಳು ಮಾತ್ರ ಇನ್ನೂ ನೌಕರಿಯಲ್ಲೇ ಇವೆ. ಬೆಳಿಗ್ಗೆ ಎದ್ದು ಕಾಲು ನೆಲಕ್ಕೆ ಊರಿದರೆ ಸಾಕು, ಕೂಡ್ಲಿಗಿ ದಾರಿಯ ಗುಂಡಿಗಳೆಲ್ಲ ಒಂದೊಂದಾಗಿ ನೆನಪಾಗುತ್ತವೆ. ನನ್ನ ತಂಗಿಯ ಮೊಮ್ಮಗಳು ಈಗ ನಾನು ಮಾಡಿದ ಕೆಲಸಕ್ಕೇ ಸೇರಿದ್ದಾಳೆ, ಮಾನಸಿಕ ರೋಗಿಗಳ ವಿಭಾಗದಲ್ಲಿ ನರ್ಸ್. ಮೊನ್ನೆ ಬಂದವಳು, "ಅಜ್ಜಿ, ನಿಮ್ಮ ಕಾಲದಾಗ ಹೆಂಗ ಮಾಡ್ತಿದ್ರಿ, ಒಂದೀಟು ಬರದು ಕೊಡ್ರಿ" ಎಂದಳು. ಬರೆಯುವುದೇನು ತಾಯೀ, ಸುಸ್ತು ಒಂದನ್ನು ಬಿಟ್ಟರೆ ಹೆಚ್ಚೇನೂ ಗಳಿಸಲಿಲ್ಲ ಎಂದೆ. ಅವಳು ಬಿಡಲಿಲ್ಲ. ಕೇಳಿದ್ದು ಅವಳಾದರೂ, ಅವಳಂತೆ ಹೊಸದಾಗಿ ಬಂದ ಎಲ್ಲ ಹುಡುಗಿಯರಿಗೂ ಇರಲಿ ಎಂದು ಬರೆಯುತ್ತಿದ್ದೇನೆ.

ಎಂಬತ್ತರ ದಶಕದ ಮಾತು. ಒಂದು ಜೀಪು, ಒಬ್ಬ ಡಾಕ್ಟರು, ಒಬ್ಬ ಡ್ರೈವರ್, ಒಂದು ಟ್ರಂಕಿನ ತುಂಬ ಗುಳಿಗೆ, ಮತ್ತು ನಾನು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ದಿನಕ್ಕೊಂದು ಊರು. ಹೋದಲ್ಲೆಲ್ಲ ಸರ್ಕಾರಿ ಆಸ್ಪತ್ರೆಯವರು ನಮಗೆ ಬಿಟ್ಟುಕೊಡುತ್ತಿದ್ದದ್ದು ಮುರಿದ ಮಂಚಗಳನ್ನು ಪೇರಿಸಿಟ್ಟ ಕೋಣೆ. ಜನ ನಮ್ಮ ಜೀಪಿಗೆ "ಹುಚ್ಚರ ಗಾಡಿ" ಅನ್ನುತ್ತಿದ್ದರು. ಆ ಬಿಸಿಲಲ್ಲಿ, ಆ ಧೂಳಿನಲ್ಲಿ, ಮಧ್ಯಾಹ್ನದ ಊಟವನ್ನು ಸಂಜೆಗೆ ಉಂಡುಕೊಂಡು ತಿರುಗುತ್ತಿದ್ದ ನಮ್ಮನ್ನು ನೋಡಿದರೆ ಅದೇನೂ ಸುಳ್ಳಾಗಿರಲಿಲ್ಲ.

ಡಾಕ್ಟರ್ ಶೇಷಗಿರಿಯವರು ಮೈಸೂರು ಕಡೆಯವರು. ಸಿಟ್ಟು ಬಂದರೆ ಪೆನ್ನು ಎಸೆಯುತ್ತಿದ್ದರು. ಎಸೆದ ಪೆನ್ನನ್ನು ಮತ್ತೆ ತಾವೇ ಮಂಚದ ಕೆಳಗೆ ಬಗ್ಗಿ ಹುಡುಕುತ್ತಿದ್ದರು, ಇನ್ನೊಬ್ಬರಿಗೆ ಮುಟ್ಟಗೊಡುತ್ತಿರಲಿಲ್ಲ. ಬೈಗುಳದಲ್ಲೂ ಬಹುವಚನ ಬಿಡದ ಮನುಷ್ಯ. "ನಿಮ್ಮ ತಲೆಯಲ್ಲಿ ಏನಿದೆ ಸಿಸ್ಟರ್, ದಯವಿಟ್ಟು ಹೇಳಿ" ಎನ್ನುತ್ತಿದ್ದರು. ಅವರ ಕೈಕೆಳಗೆ ಕೆಲಸ ಮಾಡುವುದು ಕಷ್ಟ, ಬೇರೆಯವರ ಕೈಕೆಳಗೆ ಮಾಡಿದ ಮೇಲೆ ಅವರೇ ವಾಸಿ ಅನ್ನಿಸುತ್ತಿತ್ತು.

ಕೂಗಾಡುವ, ಬಟ್ಟೆ ಹರಿದುಕೊಳ್ಳುವ ರೋಗಿಗಳನ್ನು ಮನೆಯವರೇ ಎತ್ತಿಕೊಂಡು ಬರುತ್ತಾರೆ. ನಿಮ್ಮ ಕಣ್ಣಿಗೆ ಬೀಳದೆ ಹೋಗುವವರು ಹೆದರಿಕೆಯ ರೋಗಿಗಳು. ಅವರು ಮೂಲೆಯಲ್ಲಿ, ತಮ್ಮಿಂದ ತೊಂದರೆಯಾಯಿತೇನೋ ಎಂಬಂತೆ ಮುದುಡಿ ಕೂತಿರುತ್ತಾರೆ. "ಹಾವು ಕಚ್ಚಿದವ ಹಗ್ಗ ಕಂಡರೂ ಹೆದರಿದ" ಎಂದು ನಗುವ ಜನ ನಾವು. ಹಗ್ಗ ಕಂಡು ಹೆದರುವವನ ಎದೆ ಹಾವು ಕಂಡಷ್ಟೇ ಬಡಿದುಕೊಳ್ಳುತ್ತದೆ ಎಂಬುದು ನನಗೆ ಈ ಕೆಲಸಕ್ಕೆ ಬಂದ ಮೇಲೆ ತಿಳಿಯಿತು.

ಮೊದಲು ಹನುಮಂತಪ್ಪನ ಸಂಗತಿ ಹೇಳಿಬಿಡುತ್ತೇನೆ. ಹರಪನಹಳ್ಳಿಯಿಂದ ತೆಲಿಗಿ ಕಡೆ ಹೋಗುವ ಒಂದು ಖಾಸಗಿ ಬಸ್ಸಿನ ಕಂಡಕ್ಟರ್. ಒಮ್ಮೆ ಬಸ್ಸು ಒಂದು ಸಣ್ಣ ಸೇತುವೆಯ ಮೇಲಿಂದ ಹಳ್ಳಕ್ಕೆ ಜಾರಿ ಮಗುಚಿತ್ತು. ಯಾರೂ ಸಾಯಲಿಲ್ಲ, ದೇವರು ದೊಡ್ಡವನು. ಆದರೆ ಅಂದಿನಿಂದ ಸೇತುವೆ ಬಂತೆಂದರೆ ಹನುಮಂತಪ್ಪ ಸೀಟಿ ಊದಿ ಬಸ್ಸು ನಿಲ್ಲಿಸಿ ಇಳಿದುಬಿಡುತ್ತಿದ್ದ. ತಾನು ನಡೆದು ಸೇತುವೆ ದಾಟಿ, ಆಚೆ ಕಡೆ ನಿಂತು, ಬಸ್ಸು ಬಂದ ಮೇಲೆ ಹತ್ತುತ್ತಿದ್ದ. "ಏನಪ್ಪ ಕಂಡಕ್ಟ್ರ, ನಿನಗ ಟಿಕೀಟು ತಗಸಬೇಕೇನು?" ಎಂದು ಬಸ್ಸಿನ ಮಂದಿ ಕಾಡಿಸಿ ಕಾಡಿಸಿ, ಕೊನೆಗೆ ಆ ನಿಲುಗಡೆಗೆ ಒಗ್ಗಿಕೊಂಡೂ ಬಿಟ್ಟರು. ಬಸ್ಸಿನ ಮಾಲೀಕ ಒಗ್ಗಿಕೊಳ್ಳಲಿಲ್ಲ, ನಮ್ಮ ಹತ್ತಿರ ಅಟ್ಟಿದ.

ಡಾಕ್ಟರು ಎದೆ ಬಡಿತ ತಗ್ಗಿಸುವ ನಿದ್ದೆ ಗುಳಿಗೆಯನ್ನು ಅರ್ಧ ಮಾಡಿ ಕೊಟ್ಟರು. ಅದನ್ನು ನುಂಗಿ ಹತ್ತಿದರೆ ಬಸ್ಸಿನೊಳಗೇ ಕೂತು ದಾಟುತ್ತಿದ್ದ. ನಮಗೆ ಹಿಗ್ಗು. ಹಿಂಗೇ ದಾಟಿ ದಾಟಿ ಹೆದರಿಕೆ ತಾನಾಗಿ ಹೋಗುತ್ತದೆ ಎಂದು ಲೆಕ್ಕ ಹಾಕಿದೆವು. ಒಂದು ಸಲ ನಮ್ಮ ಟ್ರಂಕಿನಲ್ಲಿ ಗುಳಿಗೆ ಮುಗಿದು, ಅವನಿಗೆ ಸಿಗಲಿಲ್ಲ. ಮಾರನೆಯ ದಿನವೇ ಸೀಟಿ ಊದಿ ಇಳಿದನಂತೆ. ನಮ್ಮ ಮುಂದೆ ಬಂದು ಕೂತು ಹೇಳಿದ: "ಇಷ್ಟು ದಿನ ಗುಳಿಗಿ ದಾಟೈತ್ರಿ ಡಾಕ್ಟರ್ರ. ನಾನು ಇನ್ನೂ ಈ ಕಡೀನ ಅದೀನಿ."

ಡಾಕ್ಟರು ಪೆನ್ನು ಎಸೆಯಲಿಲ್ಲ. ಜೀಪು ಹತ್ತಿದ ಮೇಲೆ ಹೇಳಿದರು, "ಅವನು ಸರಿಯಾಗೇ ಹೇಳಿದ ಸಿಸ್ಟರ್. ಭಯ ಬಂದು, ಏರಿ, ಏನೂ ಆಗದೆ ಇಳಿದರೆ ತಾನೇ ಮೆದುಳು ಕಲಿಯೋದು? ನಾವು ಏರೋಕೇ ಬಿಡಲಿಲ್ಲ. ಮಗುವನ್ನು ಮಲಗಿಸಿ ಪಾಠ ಹೇಳಿದ ಹಾಗಾಯ್ತು." ಮುಂದೆ ಹನುಮಂತಪ್ಪನನ್ನು ಗುಳಿಗೆಯಿಲ್ಲದೆ ಅದೇ ಸೇತುವೆಯ ಮೇಲೆ ಕೂರಿಸಿ, ನಿಲ್ಲಿಸಿ, ಬಸ್ಸಿನಲ್ಲಿ ಹಿಂದೆ ಮುಂದೆ ಓಡಾಡಿಸಿ ಸರಿಮಾಡಿದೆವು. ಗುಳಿಗೆ ಕೆಟ್ಟದ್ದೆಂದು ತಿಳಿಯಬೇಡಿ. ಎಷ್ಟೋ ಜನರನ್ನು ಅದೇ ಉಳಿಸಿದೆ. ಆದರೆ ಹೆದರಿಕೆಗೆ ಕಲಿಸಬೇಕಾದ ಪಾಠ ಬೇರೆ ಇರುತ್ತದೆ.

ಈಗ ಗೌರಮ್ಮನ ವಿಷಯ. ಇಷ್ಟು ಬರೆದದ್ದೇ ಅವಳಿಗಾಗಿ.

ಗೌರಮ್ಮ ಹೂವಿನಹಡಗಲಿಯವಳು. ಗಂಡ ಕೊಟ್ರಪ್ಪನದು ಚೂರು ಮಲ್ಲಿಗೆ ತೋಟ. ಮೊಗ್ಗು ಬಿರಿಯುವ ಮೊದಲೇ ಬಿಡಿಸಬೇಕಲ್ಲ, ಮಸುಕು ಬೆಳಕಿನಲ್ಲಿ ಗಿಡದೊಳಗೆ ಕೈ ಹಾಕಿದಾಗ ಕೊಳಕುಮಂಡಲ ಹಾವು ಕಚ್ಚಿತು. ಜೀವ ಉಳಿದದ್ದೇ ಪುಣ್ಯ. ಬಲಗೈಯ ಎರಡು ಬೆರಳು ಸೆಟೆದುಕೊಂಡವು, ಉಳಿದದ್ದೆಲ್ಲ ವಾಸಿಯಾಯಿತು. ಆಸ್ಪತ್ರೆಯಿಂದ ಮನೆಗೆ ಬಂದ ದಿನ ಓಣಿಯ ಹೆಂಗಸರು ಸಂತೋಷಕ್ಕೆ ಒಂದು ಮೊಳ ಮಲ್ಲಿಗೆ ತಂದು ಮುಡಿಸಲು ಹೋದರು. ಗೌರಮ್ಮ ಚೀರಿ, ಬೆವೆತು, ಉಸಿರು ಸಿಗದೆ ಗೋಡೆಗೆ ಅಂಟಿಕೊಂಡಳು. ವಾಸನೆ ಮೂಗಿಗೆ ಬಡಿದದ್ದೇ ತಡ, ಕಚ್ಚಿದ ಕೈ ಉರಿಯುತ್ತಿತ್ತಂತೆ.

ಬೇರೆ ಊರಾಗಿದ್ದರೆ ಹೇಗೋ ಆಗುತ್ತಿತ್ತು. ಹಡಗಲಿಯಲ್ಲಿ ಮಲ್ಲಿಗೆಗೆ ಹೆದರಿ ಎಲ್ಲಿಗೆ ಹೋಗುವುದು? ಬಸ್ ಸ್ಟ್ಯಾಂಡಿನಲ್ಲಿ ಮಲ್ಲಿಗೆ, ಗುಡಿಯಲ್ಲಿ ಮಲ್ಲಿಗೆ, ಅಂಗಡಿಯ ಕಟ್ಟೆಯ ಮೇಲೆ ಮಲ್ಲಿಗೆ. ಅವಳು ಹೊಸಿಲು ದಾಟುವುದನ್ನೇ ಬಿಟ್ಟಳು. ಒಬ್ಬಳೇ ಮಗಳು ಶಾಂತಾಳ ಮದುವೆಯಾಯಿತು, ಕೂಡ್ಲಿಗಿಗೆ ಕೊಟ್ಟರು. ಮಗಳ ತಲೆಯ ಮೇಲೆ ಅಕ್ಕಿಕಾಳು ಬೀಳುವಾಗ ತಾಯಿ ಹಿತ್ತಲಿನಲ್ಲಿ, ಸೆರಗು ಮೂಗಿಗೆ ಒತ್ತಿಕೊಂಡು ಕೂತಿದ್ದಳು. ಕೊಟ್ರಪ್ಪ ಉಜ್ಜಿನಿಗೆ ಹರಕೆ ಹೊತ್ತ, ಅಂತ್ರ ಕಟ್ಟಿಸಿದ, ಕೊನೆಗೆ ನಮ್ಮ ಕೋಣೆಗೆ ಕರೆದುಕೊಂಡು ಬಂದ.

"ಹಾವಿನ ವಿಷ ಇಳೀತ್ರಿ ಸಾಹೇಬ್ರ. ಇದು ಯಾವ ವಿಷ?" ಎಂದು ಕೇಳಿದ.

ಡಾಕ್ಟರು ಅವನನ್ನು ಪಕ್ಕದಲ್ಲೇ ಕೂರಿಸಿಕೊಂಡು ಹೇಳಿದರು. "ಇದು ವಿಷ ಅಲ್ಲ ಕೊಟ್ರಪ್ಪ. ಜೀವಕ್ಕೆ ಅಪಾಯ ಬಂದಾಗ ಮೈಯಲ್ಲಿ ಅಡ್ರಿನಲಿನ್ ಅಂತ ಒಂದು ರಸ ಉಕ್ಕುತ್ತೆ. ಮೆದುಳಿನ ಒಳಗೂ ಅದರದೇ ದಾಯಾದಿಯೊಂದು ಉಕ್ಕುತ್ತೆ. ಈ ಹೊತ್ತಿನಲ್ಲಿ ಏನು ವಾಸನೆ ಇತ್ತು, ಏನು ಕಾಣ್ತಿತ್ತು, ಎಲ್ಲಾ ಗಟ್ಟಿಯಾಗಿ ಹಿಡಿದಿಟ್ಟುಕೋ, ಮರೀಬೇಡ ಅನ್ನುತ್ತೆ. ನಿಮ್ಮ ಹೆಂಡತಿ ಮೆದುಳು ಹಾವಿನ ಜೊತೆಗೆ ಮಲ್ಲಿಗೇನೂ ಹಿಡಿದಿಟ್ಟುಕೊಂಡಿದೆ."

"ಹಂಗಾದ್ರ ಮರಸ್ರಿ."

"ಅದು ನನ್ನ ಕೈಲಿ ಆಗಲ್ಲಪ್ಪ. ಹಳೇ ಪಾಠ ಅಳಿಸೋಕೆ ಬರಲ್ಲ. ಅದರ ಮೇಲೆ ಹೊಸಾದು ಕಲಿಸಬೇಕು."

ಅವಳ ಮನೆ ನೋಡಲು ಹೋದಾಗ ನನಗೊಂದು ವಿಚಿತ್ರ ಕಂಡಿತು. ಹಡಗಲಿಯಂಥ ಊರಿನಲ್ಲಿ ಆ ಓಣಿಯ ಒಬ್ಬ ಮುತ್ತೈದೆಯ ತಲೆಯಲ್ಲೂ ಹೂವಿಲ್ಲ! ಮನೆ ಮುಂದಿನ ಕಟ್ಟೆಯ ಮೇಲೆ ಕೂತು ಹೂ ಕಟ್ಟುವವರೆಲ್ಲ ಹಿಂದಿನ ಓಣಿಗೆ ಹೋಗಿದ್ದರು. ಯಾರಾದರೂ ಹೂ ಮುಡಿದು ಬಂದರೆ ಓಣಿಯ ತಿರುವಿನಲ್ಲೇ ತೆಗೆದು ಸೆರಗಿಗೆ ಗಂಟು ಹಾಕಿಕೊಂಡು ಒಳಗೆ ಬರುತ್ತಿದ್ದರು. ಕೊಟ್ರಪ್ಪ ತೋಟದಿಂದ ಬಂದು, ಹಿತ್ತಲಿನಲ್ಲಿ ಸ್ನಾನ ಮಾಡಿ, ಅಂಗಿ ಬದಲಿಸಿಯೇ ಹೆಂಡತಿಯ ಮುಂದೆ ನಿಲ್ಲುತ್ತಿದ್ದ. ಹೇಳಿದವರಿಲ್ಲ, ಕೇಳಿದವರಿಲ್ಲ, ಇಡೀ ಓಣಿಯೇ ಪ್ರೀತಿಯಿಂದ ಮಾಡಿಕೊಂಡ ಏರ್ಪಾಡು. ನನ್ನ ಕಣ್ಣು ತುಂಬಿ ಬಂತು. ಡಾಕ್ಟರಿಗೆ ಹೇಳಿದರೆ ಅವರು ತಲೆ ಚಚ್ಚಿಕೊಂಡರು.

"ನೀವೆಲ್ಲ ಸೇರಿ ಆ ಭಯಕ್ಕೆ ಹಾಲೆರೆದು ಸಾಕಿದೀರಿ" ಎಂದು ಓಣಿಯ ಹೆಂಗಸರನ್ನು ಗದರಿದರು. ವಾಸನೆ ಬಂದರೂ ಹಾವು ಬರುವುದಿಲ್ಲ ಎಂದು ತಿಳಿಯಬೇಕಾದರೆ ವಾಸನೆ ಬರಬೇಕಲ್ಲ, ಇವರು ಅದನ್ನೇ ತಡೆದಿದ್ದರು. ಆದರೆ ಎದುರುಮನೆಯ ಹಾಲಮ್ಮಜ್ಜಿ ಸೊಂಟಕ್ಕೆ ಕೈಕೊಟ್ಟು ನಿಂತಳು. "ಆಕಿ ಸಾಯೋಹಂಗ ಮಾಡದನ್ನ ನೋಡಕಾಗದ ನಾವು ಹೂ ಬಿಟ್ಟಿವಿ. ಅದೂ ತಪ್ಪಾತೇನ್ರಿ? ನಿಮ್ಮ ಔಷಧದಾಗ ಪ್ರೀತಿ ಅನ್ನಾದು ಇಲ್ಲೇನು?" ಡಾಕ್ಟರು ಜೀಪಿನಲ್ಲಿ ಹೋಗಿ ಕೂತರು.

ಓಣಿಯವರೊಂದಿಗೆ ಜಗಳ ಬೇಡವೆಂದು ಹಗರಿಬೊಮ್ಮನಹಳ್ಳಿಯಲ್ಲಿ ಶುರು ಮಾಡಿದೆವು. ಅಲ್ಲಿ ಗೌರಮ್ಮನ ಅಕ್ಕನ ಮನೆಯಿತ್ತು. ಆಸ್ಪತ್ರೆಯ ನಮ್ಮ ಕೋಣೆಯಲ್ಲಿ ಮೊದಲು ಮುಚ್ಚಿದ ಡಬ್ಬಿಯಲ್ಲಿ ಎರಡು ಮೊಗ್ಗು, ಅದೂ ಕೋಣೆಯ ಆಚೆ ತುದಿಗೆ. ಆಮೇಲೆ ತೆರೆದ ಡಬ್ಬಿ. ಆಮೇಲೆ ಹತ್ತಿರದ ಸ್ಟೂಲು. ಅವಳು ನಡುಗುತ್ತಿದ್ದಳು, ನಾನು ಕೈ ಹಿಡಿದು ಕೂರುತ್ತಿದ್ದೆ. ಗುಳಿಗೆ ಇಲ್ಲ. ಅವಳಿಗೆ ಹನುಮಂತಪ್ಪನ ಕತೆ ಹೇಳಿದ್ದೆ, ಆ ನಡುಕದಲ್ಲೂ ನಕ್ಕಿದ್ದಳು. ವಾರ ವಾರ ಹೀಗೆ ಮಾಡಿ, ಕೊನೆಗೊಂದು ದಿನ ತೊಡೆಯ ಮೇಲೆ ಹೂ ಹರವಿಕೊಂಡು, ಸೆಟೆದ ಬೆರಳಲ್ಲೇ ಒಂದು ಮೊಳ ಕಟ್ಟಿದಳು. ಡಾಕ್ಟರು ಮಂಡಕ್ಕಿ ಮೆಣಸಿನಕಾಯಿ ತರಿಸಿದರು. ಅವರು ನಗುವುದನ್ನು ಡ್ರೈವರು ಬಾಗಿಲಲ್ಲಿ ನಿಂತು ಮೊದಲ ಸಲ ನೋಡಿದ.

ಆ ವಾರವೇ ಗೌರಮ್ಮ ಹಡಗಲಿಗೆ ಹೋಗಿ ಬಸ್ಸು ಇಳಿದಳು. ಸ್ಟ್ಯಾಂಡಿನಲ್ಲಿ ಹೂವಿನವರ ಬುಟ್ಟಿಗಳ ಮುಂದೆಯೇ ಕುಸಿದು ಬಿದ್ದಳು. ಹೆದರಿಕೆ ಮೊದಲಿಗಿಂತ ಜೋರಾಗಿ ಬಂತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಹಾಗಾಯಿತು ನಮಗೆ. ಈ ಸಲ ಪೆನ್ನು ಕಿಟಕಿಯಿಂದ ಆಚೆಗೆ ಹೋಯಿತು. ಡಾಕ್ಟರು ಅದನ್ನು ಹುಡುಕಲು ಹೋಗಿ, ತಿರುಗಿ ಬಂದು, ಪೆನ್ನನ್ನು ಒರೆಸುತ್ತ ಹೇಳಿದರು: "ನಾವು ಅವಳಿಗೆ ಕಲಿಸಿದ್ದು ಏನು ಗೊತ್ತಾ ಸಿಸ್ಟರ್? ಹಗರಿಬೊಮ್ಮನಹಳ್ಳಿ ಆಸ್ಪತ್ರೆಯಲ್ಲಿ ಹಾವಿಲ್ಲ ಅಂತ. ಅದು ಅವಳಿಗೆ ಮೊದಲೇ ಗೊತ್ತಿತ್ತು."

ಇದನ್ನು ನೀವು ನೆನಪಿಡಿ, ಹುಡುಗಿಯರೇ. ಹೆದರಿಕೆಯನ್ನು ಮೆದುಳು ಒಂದೇ ಸಲ ಕಲಿತು ಎಲ್ಲ ಊರಿಗೂ ಒಯ್ಯುತ್ತದೆ. ಧೈರ್ಯ ಹಾಗಲ್ಲ, ಅದನ್ನು ಊರೂರಿಗೆ ಬೇರೆ ಬೇರೆ ಕಲಿಸಬೇಕು. ಯಾಕೆ ಹೀಗೆ ಮಾಡಿದ್ದಾನೋ ದೇವರು, ನನಗಂತೂ ಇವತ್ತಿಗೂ ಅವನ ಮೇಲೆ ಸಿಟ್ಟಿದೆ.

ಅಷ್ಟರಲ್ಲಿ ಶೇಷಗಿರಿಯವರಿಗೆ ವರ್ಗವಾಯಿತು. ಹೋಗುವ ದಿನ, "ಆ ಹಡಗಲಿ ಹೆಂಗಸನ್ನ ಬಿಡಬೇಡಿ. ತೋಟಕ್ಕೇ ಕರ್ಕೊಂಡು ಹೋಗಿ" ಎಂದಷ್ಟೇ ಹೇಳಿ ಬಸ್ಸು ಹತ್ತಿದರು. ಹೊಸದಾಗಿ ಬಂದ ಡಾಕ್ಟರಿಗೆ ಅವಸರ. ಒಬ್ಬಳಿಗೆ ಇಷ್ಟು ಹೊತ್ತೇ, ಗುಳಿಗೆ ಬರೆದು ಕಳಿಸಿ ಎನ್ನುವವರು. ಅವರದೂ ತಪ್ಪಲ್ಲ, ಹೊರಗೆ ಸಾಲು ನಿಂತಿರುತ್ತಿತ್ತು. ನಾನು ರಜೆಯ ದಿನ ನನ್ನ ಮನೆಯಿದ್ದ ಕೊಟ್ಟೂರಿನಿಂದ ಬಸ್ಸು ಹಿಡಿದು ಹಡಗಲಿಗೆ ಹೋಗತೊಡಗಿದೆ. ದೊಡ್ಡ ತ್ಯಾಗವೇನಲ್ಲ. ಮನೆಯಲ್ಲಿ ಮಕ್ಕಳು ಮುಖ ಊದಿಸುತ್ತಿದ್ದವು, ಯಜಮಾನರು ತಾವೇ ಅನ್ನಕ್ಕಿಟ್ಟುಕೊಂಡು ಬೈಯುತ್ತಿದ್ದರು. ಎಷ್ಟೋ ವಾರ ಹೋಗದೆ ಮಲಗಿಬಿಡೋಣ ಅನ್ನಿಸಿದೆ, ಮಲಗಿದ್ದೂ ಉಂಟು.

ತೋಟದ ಬೇಲಿಯ ಬಳಿ ನಿಲ್ಲುತ್ತಿದ್ದೆವು. ಅವಳ ಮೈ ನೀರಾಗುತ್ತಿತ್ತು. "ಸಾಕು ಬಿಡ್ರಿ, ಹೋಗೂನು" ಎನ್ನುತ್ತಿದ್ದಳು. ಹೆದರಿಕೆ ತುದಿಗೇರಿದಾಗ ಓಡಿಹೋದರೆ, ಓಡಿದ್ದರಿಂದಲೇ ಬದುಕಿದೆ ಎಂದು ಮೆದುಳು ತಿಳಿಯುತ್ತದೆ. ಅದಕ್ಕೇ ಅದು ಇಳಿಯುವವರೆಗೂ ನಿಲ್ಲಿಸುತ್ತಿದ್ದೆ.

"ಇನ್ನೊಂದೀಟು ನಿಲ್ಲವ್ವ."

"ನಿನಗ ಕರುಳು ಅನ್ನಾದು ಐತೇನು? ನಿನ್ನ ಬಾಯಾಗ ಮಣ್ಣು ಬೀಳ!"

"ಬೀಳಲಿ. ನಿಲ್ಲು."

ಒಂದು ದಿನ, ಬೇಲಿಯ ಒಳಗೆ, ಮೊದಲ ಸಾಲಿನ ಗಿಡದ ಪಕ್ಕದಲ್ಲಿ, ನಡುಗಿ ನಡುಗಿ ನಿಂತವಳು ಸುತ್ತ ನೋಡಿದಳು. ಆಮೇಲೆ ಹೊಸದೇನೋ ಕಂಡವಳಂತೆ ಹೇಳಿದಳು: "ಅಯ್ಯ, ಬರಲೇ ಇಲ್ಲಲ್ರೀ ಅದು!" ಬರಬೇಕಾದ ಕೆಟ್ಟದ್ದು ಬಾರದೆ ಹೋದ ಕ್ಷಣದಲ್ಲಿ ಮೆದುಳಿನಲ್ಲಿ ಡೋಪಮೀನ್ ಎಂಬ ರಸ ಚಿಮ್ಮುತ್ತದೆ, ಹೊಸ ಪಾಠ ನಾಟುವುದು ಆಗಲೇ, ಎಂದು ಈಗ ನನ್ನ ಮೊಮ್ಮಗಳು ಹೇಳುತ್ತಾಳೆ. ಇರಬಹುದು. ನನಗೆ ರಸ ಕಾಣಲಿಲ್ಲ, ಅವಳ ಮುಖ ಕಂಡಿತು.

ಅಷ್ಟಕ್ಕೇ ಮುಗಿಯಿತು ಎಂದುಕೊಳ್ಳಬೇಡಿ. ಮಳೆಗಾಲದಲ್ಲಿ ಹೂ ಕಡಿಮೆಯಾಗಿ, ನನಗೂ ಜ್ವರ ಬಂದು, ಒಂದಷ್ಟು ದಿನ ಹೋಗಲಿಲ್ಲ. ತಿರುಗಿ ಹೋದರೆ ಹಳೆಯ ನಡುಕ ಮತ್ತೆ ಬಂದು ಕೂತಿದೆ. ನಾನು ತೋಟದ ಬದುವಿನ ಮೇಲೆ ಕೂತು ಅತ್ತೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು ಎಂದು ಅತ್ತೆ. ಗೌರಮ್ಮನೇ ನನಗೆ ನೀರು ಕೊಟ್ಟಳು. ಹಳೆಯ ಗೋಡೆಗೆ ಸುಣ್ಣ ಬಳಿದ ಹಾಗೆ ಈ ಕೆಲಸ. ಮಳೆ ಬಂದರೆ ಕಲೆ ಮತ್ತೆ ಕಾಣುತ್ತದೆ, ಮತ್ತೆ ಬಳಿಯಬೇಕು. ಬಳಿದೆವು. ಎರಡನೆಯ ಸಲ ಬೇಗ ಹಿಡಿಯಿತು ಎಂಬುದೊಂದೇ ಸಮಾಧಾನ.

ಮುಂದಿನ ಬೇಸಿಗೆಗೆ ಶಾಂತಾಳಿಗೆ ಏಳು ತಿಂಗಳು ತುಂಬಿತು. ಕುಬಸಕ್ಕೆ, ಅಂದರೆ ಸೀಮಂತಕ್ಕೆ, ತವರಿಗೆ ಕರೆತಂದರು. ಹಡಗಲಿಯ ಕುಬಸವೆಂದರೆ ಮೊಗ್ಗಿನ ಜಡೆ, ಹೆತ್ತವಳೇ ಹಾಕಬೇಕು. ಶಾಂತಾ ಬಂದವಳೇ ಹಟ ಹಿಡಿದಳು. "ಮದುವ್ಯಾಗ ಅವ್ವ ಹಿತ್ತಲದಾಗ ಕುಂತಿದ್ಲು. ಈಗ ಅವ್ವ ಮುಡಿಸಿದ್ರ ಮುಡೀತೀನಿ. ಇಲ್ಲಂದ್ರ ಬರೇ ತಲೀಲೆ ಕುಂದರ್ತೀನಿ, ಯಾರು ಏನರ ಅನ್ಕೊಳ್ಳಿ." ಬಸುರಿ ಬರಿದಾದ ತಲೆಯಲ್ಲಿ ಕೂತರೆ ಬೀಗರು ಏನೆಂದುಕೊಂಡಾರು?

ಗೌರಮ್ಮ ಬೇಲಿಯ ಒಳಗೆ ನಿಂತದ್ದು ನಿಜ. ಆದರೆ ಮುಚ್ಚಿದ ಕೋಣೆ, ಬುಟ್ಟಿಗಟ್ಟಲೆ ಮೊಗ್ಗು, ಸುತ್ತ ಬೀಗರ ಕಣ್ಣು, ಇದನ್ನೆಲ್ಲ ನಾವು ಕಲಿಸಿರಲಿಲ್ಲ. ಆ ಬೆಳಿಗ್ಗೆ ನಾನು ಹೋದಾಗ ಅವಳು ಅಡುಗೆಮನೆಯ ಮೂಲೆಯಲ್ಲಿ ಸೆರಗು ಬಾಯಿಗಿಟ್ಟುಕೊಂಡು ಕೂತಿದ್ದಳು. ಕೊಟ್ರಪ್ಪ ನನ್ನನ್ನು ಬಾಗಿಲ ಮರೆಗೆ ಕರೆದ. "ಒಂದ ಗುಳಿಗಿ ಕೊಟ್ಟುಬಿಡ್ರಿ ಸಿಸ್ಟರಮ್ಮ. ಒಂದ ದಿನದ ಮಾತು. ಮಗಳ ಮಾರಿ ನೋಡ್ರಿ." ಚೀಲದಲ್ಲಿ ಗುಳಿಗೆ ಇತ್ತು. ನಿಜ ಹೇಳುತ್ತೇನೆ, ನನಗೂ ಸಾಕಾಗಿತ್ತು. ಕೈ ಚೀಲದೊಳಗೆ ಹೋಯಿತು.

"ಬ್ಯಾಡ" ಎಂದಳು ಗೌರಮ್ಮ, ಒಳಗಿನಿಂದಲೇ. "ನುಂಗಿದ್ರ ಗುಳಿಗಿ ಮುಡಿಸಿದಂಗಾಗ್ತೈತಿ. ನನ್ನ ಮಗಳಿಗೆ ನಾನು ಮುಡಿಸ್ತೀನಿ."

ಎದ್ದು ಬಂದು ಮಗಳ ಹಿಂದೆ ಕೂತಳು. ಬುಟ್ಟಿಯ ಮೇಲಿನ ಒದ್ದೆ ಬಟ್ಟೆ ತೆಗೆದರು. ಆ ವಾಸನೆ ಕೋಣೆ ತುಂಬಿತು. ಅವಳ ಹಣೆಯಿಂದ ಬೆವರು ಹನಿ ಹನಿಯಾಗಿ ಶಾಂತಾಳ ಭುಜದ ಮೇಲೆ ಬಿತ್ತು. ಮೊದಲ ಎಳೆ ಜಡೆಗೆ ಸಿಕ್ಕದೆ ಜಾರಿತು. ಶಾಂತಾ ತಿರುಗಿ ನೋಡಲಿಲ್ಲ, ಹಿಂದಕ್ಕೆ ಕೈ ಚಾಚಿ ತಾಯಿಯ ಮೊಣಕಾಲು ಹಿಡಿದುಕೊಂಡಳು. ನಾನು ಗೋಡೆಗೆ ಒರಗಿ, ನಿಲ್ಲವ್ವ, ಇನ್ನೊಂದೀಟು ನಿಲ್ಲು ಎಂದು ಮನಸ್ಸಿನಲ್ಲೇ ಅನ್ನುತ್ತಿದ್ದೆ. ಎರಡನೆಯ ಎಳೆ ನಿಂತಿತು. ಮೂರನೆಯದೂ ನಿಂತಿತು. ಜಡೆ ಸೊಂಟದವರೆಗೆ ಮುಗಿದಾಗ ಗೌರಮ್ಮ ಜೋರಾಗಿ ಉಸಿರು ಬಿಟ್ಟು ಮೊದಲ ಸಲ ತಲೆ ಎತ್ತಿದಳು.

ಬಾಗಿಲಲ್ಲಿ ಓಣಿಯ ಹೆಂಗಸರು ನಿಂತಿದ್ದರು. ರೇಷ್ಮೆ ಸೀರೆ, ಕುಂಕುಮ, ಬಳೆ ಎಲ್ಲ ಸರಿಯಾಗಿತ್ತು. ತಲೆಯಲ್ಲಿ ಹೂವಿಲ್ಲ. ಅಭ್ಯಾಸಬಲದಿಂದ ಓಣಿಯ ತಿರುವಿನಲ್ಲೇ ತೆಗೆದು ಸೆರಗಿಗೆ ಗಂಟು ಹಾಕಿಕೊಂಡು ಬಂದಿದ್ದರು.

ಗೌರಮ್ಮನಿಗೆ ಸಿಟ್ಟು ನೆತ್ತಿಗೇರಿತು. "ಏನ್ರವ್ವ, ನನ್ನ ಮಗಳ ಕುಬಸಕ್ಕ ಬರೇ ತಲೀಲೆ ಬಂದೀರಿ? ಯಾರರ ಸತ್ತಾರೇನು ಈ ಮನ್ಯಾಗ?" ಎಂದು ಕೂಗಿ, ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ಎದ್ದಳು. ಮಾಲೆ ಎಳೆದು, ಮೊಳ ಹಾಕಿ, ಹಲ್ಲಿನಿಂದ ದಾರ ಕಡಿದು, ಒಬ್ಬೊಬ್ಬರಿಗೇ ತಾನೇ ಮುಡಿಸುತ್ತ ಹೋದಳು. ಹಾಲಮ್ಮಜ್ಜಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಗೊಳೋ ಎಂದು ಅತ್ತಳು. "ಸುಮ್ಕಿರಬೆ, ಹೂ ಸೊಟ್ಟ ಆಗ್ತೈತಿ" ಎಂದು ಗೌರಮ್ಮ ಅವಳನ್ನೂ ಗದರಿದಳು.

ಕಡೆಗೆ ನನ್ನ ಹತ್ತಿರ ಬಂದಳು. ಮುಖವೆಲ್ಲ ಬೆವರು, ಕುಪ್ಪಸ ಒದ್ದೆ. ನನ್ನ ತಲೆಗೆ ಹೂ ಸಿಕ್ಕಿಸುವಾಗ ಮೆಲ್ಲಗೆ ಕೇಳಿದೆ, "ಹೆದರಿಕಿ ಹೋತೇನವ್ವ?"

"ಎಲ್ಲಿ ಹೋಗ್ತೈತ್ರಿ? ಇಲ್ಲೇ ಬಾಜೂಕ ಕುಂತೈತಿ" ಎಂದಳು. "ಅದಕ್ಕೂ ಒಂದು ಮೊಳ ಕೊಟ್ಟೀನಿ."